ನೀಲಕ್ಕನ ಶುಕ್ರವಾರಗಳು

೧೯೯೮ರ ನವೆಂಬರಿನಲ್ಲಿ ನಾವು ಡರ್ಬಿಗೆ ಬಂದು ಎರಡು ತಿಂಗಳಾಗಿತ್ತು. ನಾರ್ಮಂಟನ್ ರಸ್ತೆಯ ತರಕಾರಿ ಅಂಗಡಿಯೊಂದರಲ್ಲಿ ನನ್ನ ಮಗಳು ಹಟ ಹಿಡಿದು ಕಿರುಚುತ್ತಿದ್ದಳು. ತಡೆಯಲಾರದೆ ಕನ್ನಡದಲ್ಲೇ ಗದರಿದೆ. ಪಕ್ಕದಲ್ಲಿ ಎಳೆ ಬದನೆಕಾಯಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ ಆರಿಸುತ್ತಿದ್ದ ಹೆಂಗಸೊಬ್ಬರು ಕೈ ನಿಲ್ಲಿಸಿ, "ಯವ್ವಾ, ಕನ್ನಡದವರೇನು ನೀವು?" ಎಂದರು. ಹಣೆಯ ಮೇಲೆ ವಿಭೂತಿ, ಸೀರೆಯ ಮೇಲೆ ದಪ್ಪ ಕೋಟು, ಕಾಲಿಗೆ ಗಂಡಸರ ಬೂಟು. ಅವರೇ ನೀಲಾಂಬಿಕಾ ಹಿರೇಮಠ. ಒಂದು ವಾರದಲ್ಲಿ ನಾನು ಅವರನ್ನು ನೀಲಕ್ಕ ಎನ್ನತೊಡಗಿದೆ, ಅವರು ನನ್ನನ್ನು ಚಂದ್ರಾ ಎನ್ನತೊಡಗಿದರು.

ಅವರ ಯಜಮಾನರು ಪಂಚಾಕ್ಷರಿ ಹಿರೇಮಠ ಗದಗಿನ ಕಡೆಯವರು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿ ಎಪ್ಪತ್ಮೂರರಲ್ಲಿ ಇಲ್ಲಿಗೆ ಬಂದು, ವಿಮಾನದ ಇಂಜಿನ್ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದರು. ಬ್ಲೇಡುಗಳಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹುಡುಕಿ ತೆಗೆಯುವುದು ಅವರ ಕೆಲಸ. ಮಿತಭಾಷಿ. ಮನೆಗೆ ಹೋದರೆ "ಬರ್ರಿ, ಕೂಡ್ರಿ" ಎಂದು ಪೇಪರಿನ ಹಿಂದೆ ಮರೆಯಾಗುತ್ತಿದ್ದರು. ಅವರದು ಜಂಗಮರ ಮನೆತನ. ನೀಲಕ್ಕ ಸ್ನಾನ ಮಾಡಿ, ಅಂಗೈ ಮೇಲೆ ಲಿಂಗವಿಟ್ಟು ಪೂಜೆ ಮುಗಿಸದೆ ಒಲೆ ಹಚ್ಚಿದವರಲ್ಲ. ಮಾಂಸ ಮೀನಿನ ಮಾತಿರಲಿ, ಆ ಮನೆಯ ಹೊಸ್ತಿಲನ್ನು ಒಂದು ಮೊಟ್ಟೆ ಕೂಡ ದಾಟಿರಲಿಲ್ಲ. ಮಗಳು ಸೌಮ್ಯಾಳ ಹುಟ್ಟುಹಬ್ಬಕ್ಕೆ ಇಪ್ಪತ್ತು ವರ್ಷ ಮೊಟ್ಟೆಯಿಲ್ಲದ ಕೇಕನ್ನು ತಾವೇ ಮಾಡಿದ್ದರು. ನಾನು ಮೀನು ಕೋಳಿ ತಿನ್ನುವ ಮನೆಯವಳು ಎಂದು ಗೊತ್ತಾದ ಮೇಲೂ ನನ್ನ ಮನೆಗೆ ಬರುತ್ತಿದ್ದರು, ಆದರೆ ಚಹಾ ಮಾತ್ರ ಕುಡಿಯುತ್ತಿದ್ದರು. ನನಗೆ ಅದರಿಂದ ಬೇಸರವಾಗಲಿಲ್ಲ. ಅವರು ಅದನ್ನು ಮುಚ್ಚಿಟ್ಟು ನಯವಾಗಿ ಆಡುತ್ತಿರಲಿಲ್ಲ, "ನಿಮ್ಮ ಪಾತ್ರಿಯೊಳಗ ನನಗ ಆಗೂದಿಲ್ಲವಾ" ಎಂದು ನೇರವಾಗಿ ಹೇಳಿಬಿಟ್ಟಿದ್ದರು.

ಅವರಿಗೆ ಹೆಮ್ಮೆ ಇದ್ದದ್ದು ಒಂದೇ ವಿಷಯಕ್ಕೆ, ತಾವು ಕಟ್ಟಿಕೊಡುತ್ತಿದ್ದ ಬುತ್ತಿಗೆ. ಲೆಸ್ಟರಿನಿಂದ ಜೋಳದ ಹಿಟ್ಟು ತರಿಸಿ, ದಿನಾ ಬೆಳಿಗ್ಗೆ ರೊಟ್ಟಿ ಬಡಿದು ಗಂಡನ ಡಬ್ಬಿಗೆ ಹಾಕುತ್ತಿದ್ದರು. ಶುಕ್ರವಾರ ಎಣ್ಣೆಗಾಯಿ ಆಗಲೇಬೇಕು. "ಶುಕ್ರವಾರ ಎರಡು ರೊಟ್ಟಿ ಹೆಚ್ಚಿಗಿ ಹಾಕು ಅಂತಾರವಾ. ವಾರದ ಕಡೀ ದಿನ ಹಸಿವು ಜಾಸ್ತಿ ಇರತೈತೇನೋ" ಎನ್ನುತ್ತಿದ್ದರು.

ತೊಂಬತ್ತೊಂಬತ್ತರ ಫೆಬ್ರವರಿಯ ಒಂದು ಮಂಗಳವಾರ ಬೆಳಿಗ್ಗೆ, ಷೂ ಲೇಸು ಕಟ್ಟಲು ಬಗ್ಗಿದ ಪಂಚಾಕ್ಷರಿಯವರು ಮೇಲೇಳಲಿಲ್ಲ. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಮೂರು ತಿಂಗಳು ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ಅವರಿಗೆ ಐವತ್ತೇಳು, ನೀಲಕ್ಕನಿಗೆ ಐವತ್ತೊಂದು. ಮುಂದಿನ ಕೋಣೆಯ ಸೋಫಾ ತೆಗೆದು ಆಸ್ಪತ್ರೆಯ ಮಂಚ ಹಾಕಿದರು. ಬೆಳಿಗ್ಗೆ ಅರ್ಧ ಗಂಟೆ ಕೌನ್ಸಿಲ್‌ನಿಂದ ಒಬ್ಬಳು ಬಂದು ಮೈ ತೊಳೆಯಲು ಕೈಜೋಡಿಸಿ ಹೋಗುತ್ತಿದ್ದಳು. ಉಳಿದ ಇಪ್ಪತ್ಮೂರೂವರೆ ಗಂಟೆ ನೀಲಕ್ಕನದು. ಎತ್ತಿ ಕೂರಿಸುವುದು, ಹೊರಳಿಸುವುದು, ಒರೆಸುವುದು, ಬಟ್ಟೆ ಬದಲಿಸುವುದು, ಉಣಿಸುವುದು, ಮತ್ತೆ ಒರೆಸುವುದು. ಸೌಮ್ಯಾ ಲೀಡ್ಸ್‌ನಲ್ಲಿ ಕೆಲಸದಲ್ಲಿದ್ದಳು. ಹದಿನೈದು ದಿನಕ್ಕೊಮ್ಮೆ ಬಂದು ಎರಡು ದಿನ ಇದ್ದು ಹೋಗುತ್ತಿದ್ದಳು. ಆ ಎರಡು ದಿನವೂ ನೀಲಕ್ಕ ಮಲಗುತ್ತಿರಲಿಲ್ಲ, ಮಗಳು ಬಂದಿದ್ದಾಳೆಂದು ಅಡುಗೆ ಮಾಡುತ್ತಿದ್ದರು.

ಗಂಟಲಿನ ಬಲ ಅರ್ಧ ಹೋಗಿತ್ತಾದ್ದರಿಂದ ಪಂಚಾಕ್ಷರಿಯವರಿಗೆ ಎಲ್ಲವನ್ನೂ ಮೆತ್ತಗೆ ಹಿಸುಕಿ ಕೊಡಬೇಕಿತ್ತು. ಗಂಜಿ, ಹೆಸರುಬೇಳೆ ಕಿಚಡಿ, ಹಿಸುಕಿದ ಆಲೂಗಡ್ಡೆ. ಎರಡು ಚಮಚ ತಿಂದು ಬಾಯಿ ಮುಚ್ಚಿಬಿಡುತ್ತಿದ್ದರು. ಆಗಸ್ಟ್ ಹೊತ್ತಿಗೆ ಕೊರಳ ಎಲುಬು ಎದ್ದು ಕಾಣುತ್ತಿದ್ದವು. ಜಿಪಿ ಡಾಕ್ಟರು ಬಂದು ನೋಡಿ, ಹೀಗೇ ಆದರೆ ಹೊಟ್ಟೆಗೆ ನಳಿಕೆ ಹಾಕಿಸಬೇಕಾಗುತ್ತದೆ ಎಂದರು.

ಅವರ ಬಾಯಲ್ಲಿ ಉಳಿದಿದ್ದದ್ದು ಮೂರೇ ಮಾತು. "ಇಲ್ಲ", "ಶಿವಾ", ಮತ್ತು ಊಟದ ತಟ್ಟೆ ಕಂಡಾಗಲೆಲ್ಲ ತೊದಲುತ್ತ ಹೇಳುತ್ತಿದ್ದ ಇನ್ನೊಂದು. ಅದು ಕಿವಿಗೆ "ಫ್ರಾಡ್" ಎಂದು ಕೇಳುತ್ತಿತ್ತು.

"ಫ್ರಾಡ್, ಮಮ್? ಹೂ ಈಸ್ ಎ ಫ್ರಾಡ್?" ಎಂದು ಸೌಮ್ಯಾ ಗಾಬರಿಯಾದಳು. ಮಾತು ಕಲಿಸಲು ಬರುತ್ತಿದ್ದ ಥೆರಪಿಸ್ಟ್, ಇಂಥ ಹೊಡೆತದ ನಂತರ ಯಾವುದೋ ಒಂದು ಪದ ಗಂಟಲಲ್ಲಿ ಸಿಕ್ಕಿಕೊಂಡುಬಿಡುತ್ತದೆ, ಅದಕ್ಕೆ ಅರ್ಥ ಹುಡುಕಬೇಡಿ ಎಂದಳು. ಆದರೆ ನೀಲಕ್ಕ ಹುಡುಕಿದರು. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದುಕೊಂಡು ಕೇಳಿದರು.

"ಚಂದ್ರಾ, ಖರೇ ಹೇಳು. ಫ್ರಾಡ್ ಅಂದ್ರ ಮೋಸ ಅಲ್ಲೇನು?"

"ಹೌದು ನೀಲಕ್ಕ. ಆದ್ರೆ ಅವರಿಗೆ ಗೊತ್ತಿಲ್ದೆ ಬರ್ತಿರೋ ಮಾತು ಅದು."

"ಗೊತ್ತಿಲ್ಲದ ಹೆಂಗ ಬಂದೀತು? ನಾ ಚಮಚ ಹಿಡಿದ ಕೂಡ್ಲೆ ನನ್ನ ಮಾರಿ ನೋಡಿ ಅಂತಾರ. ನಾ ಏನು ಮೋಸ ಮಾಡೇನವಾ ಅವರಿಗೆ? ಉಣಸೂದರಾಗ ಕಡಿಮಿ ಮಾಡೇನೋ, ತೊಳಿಯೂದರಾಗ ಕಡಿಮಿ ಮಾಡೇನೋ?"

ದಿನಕ್ಕೆ ಮೂರು ಸಲ, ತಿಂಗಳುಗಟ್ಟಲೆ, ಆ ಮಾತನ್ನು ಕೇಳಿಸಿಕೊಳ್ಳುತ್ತ ಅವರು ಉಣಿಸುತ್ತಿದ್ದರು.

ಸೆಪ್ಟೆಂಬರಿನ ಒಂದು ಶನಿವಾರ ನಾನು ಅವರ ಔಷಧಿ ತಂದುಕೊಡಲು ಹೋಗಿದ್ದಾಗ ಬಾಗಿಲ ಗಂಟೆ ಬಡಿಯಿತು. ಹೊರಗೆ ಕುಳ್ಳಗಿನ, ಬೋಳುತಲೆಯ, ಅರವತ್ತರ ಹತ್ತಿರದ ಗಂಡಸು ನಿಂತಿದ್ದ. ಕೈಯಲ್ಲಿ ಹೂಗೊಂಚಲು. ತನ್ನ ಹೆಸರು ಅನ್ಸೆಲ್ಮೊ, ಕಾರ್ಖಾನೆಯಲ್ಲಿ ಫಿಟ್ಟರ್, ಪಂಚ್ ಜೊತೆ ಹದಿನೇಳು ವರ್ಷ ಒಂದೇ ವಿಭಾಗದಲ್ಲಿದ್ದೆ ಎಂದ. ಅಲ್ಲಿ ಎಲ್ಲರೂ ಪಂಚಾಕ್ಷರಿಯವರನ್ನು ಪಂಚ್ ಎನ್ನುತ್ತಿದ್ದರಂತೆ. ಮೊದಲೇ ಬರಬೇಕಿತ್ತು, ಗೆಳೆಯನನ್ನು ಈ ಸ್ಥಿತಿಯಲ್ಲಿ ನೋಡಲು ಧೈರ್ಯವಾಗಲಿಲ್ಲ ಎಂದು ತಲೆ ತಗ್ಗಿಸಿದ. ಅವನು ಪೋರ್ಚುಗಲ್ಲಿನ ದಕ್ಷಿಣದ ಬಯಲುಸೀಮೆಯವನು. ಆಫ್ರಿಕಾದ ಯುದ್ಧಕ್ಕೆ ಕಳಿಸುತ್ತಾರೆಂದು ಇಪ್ಪತ್ತೊಂದರ ವಯಸ್ಸಿಗೆ ದೇಶ ಬಿಟ್ಟು ಬಂದವನು.

ಅವನನ್ನು ಕಂಡ ಕೂಡಲೆ ಪಂಚಾಕ್ಷರಿಯವರ ಮುಖ ಬಿಚ್ಚಿಕೊಂಡಿತು. ಎಡಗೈ ಎತ್ತಿ, ಜೋರಾಗಿ, "ಫ್ರಾಡ್! ಫ್ರಾಡ್!" ಎಂದರು.

ನೀಲಕ್ಕ ಹೆದರಿ ನನ್ನ ಕಡೆ ನೋಡಿದರು, ಹಾಗಾದರೆ ಇವನೇ ಇರಬೇಕು ಮೋಸಗಾರ ಎನ್ನುವಂತೆ. ಆದರೆ ಅನ್ಸೆಲ್ಮೊ ಮಂಚದ ಮೇಲೆ ಕೂತು ಆ ಕೈ ಹಿಡಿದು ಅಳುತ್ತ ನಗತೊಡಗಿದ.

"ಫೈಜಾಂವ್ ಫ್ರಾದ್! ನೆನಪಿದೆಯಾ ಪಂಚ್, ನಿನಗೆ ನೆನಪಿದೆಯಾ!" ಎಂದ. ನಮ್ಮ ಕಡೆ ತಿರುಗಿ ವಿವರಿಸಿದ. ಅದು ಅವನ ಭಾಷೆಯಲ್ಲಿ ಒಂದು ಕಾಳಿನ ಹೆಸರು. ಬಿಳಿ ಕಾಳು, ನಡುವೆ ಕಪ್ಪು ಕಣ್ಣು.

"ಅಲಸಂದಿ" ಎಂದರು ನೀಲಕ್ಕ.

ಶುಕ್ರವಾರ ಅವನ ಮನೆಯಲ್ಲಿ ಮಾಂಸ ತಿನ್ನುವುದಿಲ್ಲ, ಮೀನು ನಡೆಯುತ್ತದೆ. ಅವನ ತಾಯಿಯ ಕಾಲದಿಂದ ಬಂದ ರೂಢಿ. ಅದಕ್ಕೇ ಪ್ರತಿ ಶುಕ್ರವಾರ ಬೇಯಿಸಿದ ಅಲಸಂದೆ ಕಾಳು, ಡಬ್ಬಿಯ ಟ್ಯೂನಾ ಮೀನು, ಹಸಿ ಈರುಳ್ಳಿ, ಕೊತ್ತಂಬರಿ, ಆಲಿವ್ ಎಣ್ಣೆ, ವಿನೆಗರ್ ಕಲಸಿ ತರುತ್ತಿದ್ದ. ಎಂಬತ್ತಾರರಲ್ಲಿ ಕ್ಯಾಂಟೀನು ರಿಪೇರಿಗೆಂದು ಮುಚ್ಚಿದಾಗ ಇಬ್ಬರೂ ಮೇಜಿನ ಬಳಿ ಕೂತು ತಂತಮ್ಮ ಡಬ್ಬಿ ತೆರೆದರು. "ನಾನು ಅವನದರ ವಾಸನೆಗೆ ಸೋತೆ, ಅವನು ನನ್ನದಕ್ಕೆ. ಮೊದಲು ಕಾಳು ಮಾತ್ರ ಆರಿಸಿ ತಿಂದ. ಮೂರನೇ ಶುಕ್ರವಾರ ಎಲ್ಲ ತಿಂದ. ಆಮೇಲೆ ಹದಿಮೂರು ವರ್ಷ ಡಬ್ಬಿ ಬದಲಿ. ಅಮ್ಮಾ, ನಿಮ್ಮ ಆ ಬದನೆಕಾಯಿ, ಆ ಒಣ ರೊಟ್ಟಿ! ನನ್ನ ಹೆಂಡತಿಗೆ ಎಷ್ಟು ಸಲ ಹೇಳಿದ್ದೇನೆ."

ನೀಲಕ್ಕನ ಮುಖದ ಬಣ್ಣ ಇಳಿದದ್ದನ್ನು ನೋಡಿ ಅವನ ಮಾತು ಅಲ್ಲಿಗೇ ನಿಂತಿತು. ತಾನು ಏನು ಹೇಳಿಬಿಟ್ಟೆ ಎಂದು ಅವನಿಗೆ ಆಗ ಹೊಳೆದಿರಬೇಕು. ಪಂಚಾಕ್ಷರಿಯವರು ಕಣ್ಣು ಮುಚ್ಚಿಕೊಂಡಿದ್ದರು.

ನೀಲಕ್ಕ ತಮ್ಮ ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ ಕೇಳಿದರು. ಗಂಡನ ಎದೆಯ ಮೇಲಿದ್ದ ಬೆಳ್ಳಿಯ ಲಿಂಗದ ಕರಡಿಗೆಯನ್ನು ತೋರಿಸಿ, "ತಿನ್ನುವಾಗ ಇದನ್ನು ಏನು ಮಾಡುತ್ತಿದ್ದರು?"

ಅನ್ಸೆಲ್ಮೊ ಅಂಗಿಯ ಮೇಲೆ ಕೈಯಾಡಿಸಿ ತೋರಿಸಿದ. "ಬೆನ್ನ ಹಿಂದಕ್ಕೆ ಸರಿಸಿಕೊಳ್ಳುತ್ತಿದ್ದ. ತಿಂದು, ಕೈಬಾಯಿ ತೊಳೆದು, ಮತ್ತೆ ಮುಂದಕ್ಕೆ ತಂದುಕೊಳ್ಳುತ್ತಿದ್ದ. ಪ್ರತಿ ಸಲ."

ನೀಲಕ್ಕ ಎದ್ದು ಚಹಾ ಮಾಡಿ ತಂದರು. ಕುಡಿದು, ಫೋನ್ ನಂಬರು ಬರೆದಿಟ್ಟು ಅವನು ಹೋದ.

ಆಮೇಲಿನ ನಾಲ್ಕು ದಿನ ಅವರು ಗಂಡನ ಜೊತೆ ಮಾತಾಡಲಿಲ್ಲ. ಉಣಿಸಿದರು, ತೊಳೆದರು, ಹೊರಳಿಸಿದರು, ಎಲ್ಲವನ್ನೂ ಬಾಯಿ ಬಿಗಿದೇ ಮಾಡಿದರು. ಐದನೇ ದಿನ ನಾನು ಹೋದಾಗ ಅಡುಗೆಮನೆಯ ಕುರ್ಚಿಯಲ್ಲಿ ಗೋಡೆಗೆ ತಲೆಯಾನಿಸಿ ಕೂತಿದ್ದರು.

"ಹದಿಮೂರು ವರ್ಷ ಚಂದ್ರಾ. ಪ್ರತಿ ಶುಕ್ರವಾರ ನಸಿಕಿನ್ಯಾಗ ಎದ್ದು ಬದನಿಕಾಯಿ ಸೀಳಿ ಮಸಾಲಿ ತುಂಬೀನಿ. ಯಾರದೋ ಹೊಟ್ಟಿಗೆ."

"ಸಿಟ್ಟು ಬರೋದು ಸಹಜ ನೀಲಕ್ಕ."

"ಸಿಟ್ಟು ಮಾಡ್ಕೊಳ್ಳಾಕೂ ರಟ್ಟ್ಯಾಗ ಬಲ ಬೇಕವಾ. ಅವರನ್ನ ಎತ್ತಿ ಇಳಿಸೂದರಾಗ ಅದೂ ಮುಗದು ಹೋಗೈತಿ." ಕುರ್ಚಿಯಿಂದ ಎದ್ದು ಕೇಳಿದರು, "ನಿಮ್ಮ ಮನ್ಯಾಗ ಕಾಳು ಹೆಂಗ ಬೇಯಿಸ್ತಾರ, ಉಪ್ಪು ಮೊದಲೋ ಆಮ್ಯಾಲೋ?"

ಅಂದು ಅವರು ಅಲಸಂದೆ ನೆನೆಹಾಕಿದರು. ಮಾರನೆಯ ದಿನ ಬೇಯಿಸಿ, ಸಿಪ್ಪೆ ತೆಗೆದು ಹಿಸುಕಿ, ಈರುಳ್ಳಿ ಕೊತ್ತಂಬರಿ ಸಣ್ಣಗೆ ಹೆಚ್ಚಿ ಹಾಕಿ, ನಿಂಬೆಹಣ್ಣು ಹಿಂಡಿ, ಒಂದು ಚಮಚ ಒಳ್ಳೆಣ್ಣೆ ಬೆರೆಸಿದರು. ಮೀನಿಲ್ಲದ್ದು. ಪಂಚಾಕ್ಷರಿಯವರು ವಾಸನೆ ನೋಡಿದರು, ಬಾಯಿ ತೆರೆದರು, ಮೂರು ಚಮಚ ತಿಂದರು. ನಾಲ್ಕನೆಯದಕ್ಕೆ ಮುಖ ಆಚೆ ತಿರುಗಿಸಿ "ಇಲ್ಲ" ಎಂದರು. ಅವರ ಕಣ್ಣಲ್ಲಿ ನೀರು ಬಂದಿತ್ತು. ಮೋಸ ಗೊತ್ತಾಗಿಹೋಗಿತ್ತು ಅವರಿಗೆ.

ಆ ವಾರ ನರ್ಸ್ ತೂಕ ನೋಡಿದಾಗ ಇನ್ನೂ ಒಂದೂವರೆ ಕಿಲೋ ಇಳಿದಿತ್ತು. ನೀಲಕ್ಕ ನನಗೆ ಫೋನ್ ಮಾಡಿ, "ಆ ಅನ್ಸೆಲ್ಮೊಗ ಬರಾಕ ಹೇಳು. ಶುಕ್ರವಾರ" ಎಂದರು.

ಮನೆಯೊಳಗೆ ಬೇಡ ಎಂಬುದೊಂದೇ ಅವರ ಷರತ್ತು. ಮನೆಗೆ ಅಂಟಿಕೊಂಡ ಗ್ಯಾರೇಜ್ ಇತ್ತು. ಅಲ್ಲಿದ್ದ ಹಳೆಯ ಡಬ್ಬಗಳನ್ನೆಲ್ಲ ಮೂಲೆಗೆ ತಳ್ಳಿ, ಚಿಕ್ಕ ಹೀಟರ್ ಇಟ್ಟು, ಗಾಲಿಕುರ್ಚಿಯನ್ನು ಹಲಗೆಯ ಮೇಲಿಂದ ಇಳಿಸಿ ಗಂಡನನ್ನು ಅಲ್ಲಿಗೆ ಕರೆದೊಯ್ದರು. ಹೋಗುವ ಮುಂಚೆ ಅವರ ಕೊರಳಿನ ದಾರ ಹಿಡಿದು, ಕರಡಿಗೆಯನ್ನು ತಾವೇ ಬೆನ್ನ ಹಿಂದಕ್ಕೆ ಸರಿಸಿದರು. ಪಂಚಾಕ್ಷರಿಯವರು ಹೆಂಡತಿಯ ಮುಖವನ್ನೇ ನೋಡಿದರು. ನೀಲಕ್ಕ ನೋಡಲಿಲ್ಲ. ಗಂಟು ಸರಿಮಾಡಿ ಒಳಗೆ ಬಂದು ಬಾಗಿಲು ಹಾಕಿಕೊಂಡರು.

ಅನ್ಸೆಲ್ಮೊ ತನ್ನ ಡಬ್ಬಿ ತೆರೆದು, ಕಾಳನ್ನೂ ಮೀನನ್ನೂ ಫೋರ್ಕಿನಿಂದ ಮೆತ್ತಗೆ ಹಿಸುಕಿ, ಎಣ್ಣೆ ಸುರಿದು ತಿನ್ನಿಸಿದ. ಅರ್ಧ ಗಂಟೆಯ ನಂತರ ಬಾಗಿಲು ತಟ್ಟಿ ಖಾಲಿ ಡಬ್ಬಿ ತೋರಿಸಿದ. ಅಡುಗೆಮನೆಯ ಮೇಜಿನ ಮೇಲೆ ಅವನಿಗಾಗಿ ಎರಡು ರೊಟ್ಟಿ, ಎಣ್ಣೆಗಾಯಿ ಮುಚ್ಚಿಟ್ಟಿತ್ತು. ಕೂತು ತಿನ್ನು ಎಂದು ನೀಲಕ್ಕ ಸನ್ನೆ ಮಾಡಿದರು. ಅವನು ತಿನ್ನುತ್ತಿರುವಾಗ ಅವರು ಗಂಡನ ಹಲ್ಲುಜ್ಜಿ, ಬಾಯಿ ತೊಳೆಸಿ, ಬಟ್ಟೆ ಬದಲಿಸಿ, ಕರಡಿಗೆಯನ್ನು ಮುಂದಕ್ಕೆ ತಂದು ವಿಭೂತಿ ಹಚ್ಚಿದರು.

ಶುಕ್ರವಾರದ ರುಚಿ ಹತ್ತಿದ ಮೇಲೆ ಪಂಚಾಕ್ಷರಿಯವರು ಉಳಿದ ದಿನಗಳಲ್ಲೂ ಅಷ್ಟಿಷ್ಟು ತಿನ್ನತೊಡಗಿದರು. ಚಳಿಗಾಲ ಮುಗಿಯುವಷ್ಟರಲ್ಲಿ ತೂಕ ನಿಂತಿತು, ನಳಿಕೆಯ ಮಾತು ನಿಂತಿತು. ಮಾತು ಮಾತ್ರ ಮರಳಲಿಲ್ಲ, ಕಾಲೂ ಮರಳಲಿಲ್ಲ. ಒಂದೂವರೆ ವರ್ಷ ಅನ್ಸೆಲ್ಮೊ ಒಂದು ಶುಕ್ರವಾರವೂ ತಪ್ಪಿಸಲಿಲ್ಲ. ಕೆಲಸದಿಂದ ಮಧ್ಯಾಹ್ನ ಬೇಗ ಬಿಡುತ್ತಿದ್ದರಂತೆ ಆ ದಿನ.

ಎರಡು ಸಾವಿರದ ಒಂದರ ಮಾರ್ಚಿನಲ್ಲಿ ಅವನು ನಿವೃತ್ತನಾದ. ಹೆಂಡತಿಗೆ ಇಲ್ಲಿನ ಚಳಿ ಆಗುತ್ತಿರಲಿಲ್ಲ, ಊರಿಗೆ ಮರಳುವುದೆಂದು ಇಬ್ಬರೂ ನಿಶ್ಚಯಿಸಿದ್ದರು. ಆ ಸುದ್ದಿ ಹೇಳಿದ ದಿನ ಸಂಜೆ ನೀಲಕ್ಕನಿಂದ ನನಗೆ ಫೋನ್ ಬಂತು.

"ಹೊಸಾ ಬೋಗಾಣಿ ಒಂದು, ಚಮಚ ಎರಡು, ಡಬ್ಬಿ ಒಡಿಯೂ ಯಂತ್ರ ಒಂದು, ರಬ್ಬರ್ ಕೈಗವಸು. ತಂದುಕೊಡ್ತೀಯೇನು?"

"ನೀಲಕ್ಕ, ನಾನೇ ಪ್ರತಿ ಶುಕ್ರವಾರ ಮಾಡಿ ತಂದುಕೊಡ್ತೀನಿ. ನಮ್ಮನೇಲಿ ಮೀನು ಹೊಸದೇನಲ್ಲ."

"ನೀ ಎಷ್ಟು ದಿನ ತಂದೀ? ನಿನ್ನ ಗಂಡನ ಕಾಂಟ್ರಾಕ್ಟು ಮುಗದ್ರ ನೀನೂ ಹೋಗಾಕಿ. ನಾನ ಕಲೀತೀನಿ."

ಮುಂದಿನ ಶುಕ್ರವಾರ ಗ್ಯಾರೇಜಿನಲ್ಲಿ ಪಾಠ ನಡೆಯಿತು. ಬಾಗಿಲು ಪೂರ್ತಿ ಮೇಲೆತ್ತಿ ಗಾಳಿಗೆ ಬಿಟ್ಟಿದ್ದರು. ನೀಲಕ್ಕ ಮೂಗಿಗೆ ಸೆರಗು ಬಿಗಿದು, ಕೈಗವಸು ಹಾಕಿಕೊಂಡು ನಿಂತರು. ಡಬ್ಬಿಯ ಮುಚ್ಚಳ ಏಳುತ್ತಿದ್ದಂತೆ ಹೊರಗೆ ಓಡಿ, ಗೋಡೆ ಹಿಡಿದು ಓಕರಿಸಿದರು. ಬಾಯಿ ತೊಳೆದು ಮರಳಿ ಬಂದರು. ಅನ್ಸೆಲ್ಮೊ ಅವಸರ ಮಾಡಲಿಲ್ಲ.

"ಕಾಳು ಪೂರ್ತಿ ಆರಬಾರದು. ಉಗುರು ಬೆಚ್ಚಗಿರುವಾಗಲೇ ಎಣ್ಣೆ ಹಾಕಿ, ಆಗ ಕುಡಿದುಕೊಳ್ಳುತ್ತದೆ" ಎಂದ. "ಈರುಳ್ಳಿಗೆ ಮೊದಲು ವಿನೆಗರ್ ಹಾಕಿಡಿ, ಘಾಟು ಹೋಗಲಿ. ಮೀನನ್ನು ಕೊನೆಗೆ. ಜಾಸ್ತಿ ಕಲಸಬೇಡಿ, ನುಚ್ಚಾಗುತ್ತದೆ."

"ಹೆಂಗಿದ್ರೂ ಹಿಸುಕೂದೈತಿ" ಎಂದು ನೀಲಕ್ಕ ಕನ್ನಡದಲ್ಲೇ ಗೊಣಗಿದರು.

"ಅಲ್ಲಿ ಪಾರ್ಸ್ಲಿ ಹಾಕುವವರೂ ಇದ್ದಾರೆ. ನಮ್ಮ ಕಡೆ ಕೊತ್ತಂಬರಿಯೇ. ಬೇಯಿಸಿದ ಮೊಟ್ಟೆಯನ್ನೂ ಹೆಚ್ಚಿ ಮೇಲೆ ಇಡುತ್ತಾರೆ."

"ನೋ ಎಗ್" ಎಂದರು ನೀಲಕ್ಕ. ಅದೊಂದನ್ನು ಅವನು ಮತ್ತೆ ಹೇಳಲಿಲ್ಲ.

ಉಪ್ಪು ನೋಡುವುದು ಹೇಗೆ ಎಂಬ ಪ್ರಶ್ನೆ ಬಂತು. ಮೀನು ಬೆರೆಸುವ ಮೊದಲು ಕಾಳಿನ ರುಚಿ ನೋಡಬಹುದು, ಆದರೆ ಡಬ್ಬಿಯ ಮೀನಿನಲ್ಲೂ ಉಪ್ಪಿರುತ್ತದೆ. ನೀಲಕ್ಕ ಮೊದಲ ಚಮಚವನ್ನು ಗಂಡನ ಬಾಯಿಗಿಟ್ಟು ಅವರ ಹುಬ್ಬನ್ನು ನೋಡಿದರು. ಹುಬ್ಬು ಮೇಲೇರಿತು. "ಉಪ್ಪು ಹೆಚ್ಚಾತು" ಎಂದು ಇನ್ನೆರಡು ಚಮಚ ಕಾಳು ಸೇರಿಸಿದರು. ಆಮೇಲಿನ ಎರಡು ವರ್ಷವೂ ಅವರು ಉಪ್ಪು ನೋಡಿದ್ದು ಹಾಗೆಯೇ.

ಅನ್ಸೆಲ್ಮೊ ಹೋದ ಮೇಲೆ ಶುಕ್ರವಾರದ ಕೆಲಸ ದುಪ್ಪಟ್ಟಾಯಿತು. ಬೆಳಿಗ್ಗೆ ಸ್ನಾನ, ಪೂಜೆ, ಮನೆಯಡುಗೆ. ಆಮೇಲೆ ಗ್ಯಾರೇಜಿನಲ್ಲಿ ಕಲಸಿ, ಉಣಿಸಿ, ಅಲ್ಲಿನ ನಲ್ಲಿಯಲ್ಲೇ ಬೋಗಾಣಿ ತೊಳೆದು, ಗಂಡನನ್ನು ಶುಚಿ ಮಾಡಿ, ಮತ್ತೆ ತಾವು ತಲೆಗೆ ನೀರು ಹಾಕಿಕೊಂಡು ಇನ್ನೊಮ್ಮೆ ಪೂಜೆ. ಜನವರಿಯಲ್ಲೂ ಹಸಿ ತಲೆಯಲ್ಲೇ ಓಡಾಡುತ್ತಿದ್ದರು. ಸೊಂಟ ಹಿಡಿದುಕೊಂಡಿತ್ತು. ಮೆಟ್ಟಿಲು ಇಳಿಯುವಾಗ ಒಂದೊಂದಕ್ಕೂ ನಿಲ್ಲುತ್ತಿದ್ದರು. ಬಿಟ್ಟುಬಿಡಿ, ಒಂದು ಸ್ನಾನ ಸಾಕು ಎಂದರೆ, "ಬಿಟ್ರ ಎಲ್ಲಾನೂ ಬಿಟ್ಟೇನು" ಎನ್ನುತ್ತಿದ್ದರು.

ಪಂಚಾಕ್ಷರಿಯವರ ಅಣ್ಣ ದೇವೇಂದ್ರಪ್ಪನವರು ಹಡರ್ಸ್‌ಫೀಲ್ಡಿನಲ್ಲಿ ಡಾಕ್ಟರಾಗಿದ್ದು ನಿವೃತ್ತರಾದವರು. ಮೂರು ತಿಂಗಳಿಗೊಮ್ಮೆ ಹಣ್ಣಿನ ಬುಟ್ಟಿ ಹಿಡಿದು ಬಂದು, ತಮ್ಮನ ನಾಡಿ ಹಿಡಿದು ನೋಡಿ, ಊಟ ಮಾಡಿ ಹೋಗುತ್ತಿದ್ದರು. ಎರಡು ಸಾವಿರದ ಎರಡರ ಶ್ರಾವಣದಲ್ಲಿ ಹಾಗೆ ಬಂದಾಗ ನಾನೂ ಅಲ್ಲಿದ್ದೆ. ಮಡಚುವ ಕುರ್ಚಿ ತರಲು ಗ್ಯಾರೇಜಿಗೆ ಹೋದವರು ಕೈಯಲ್ಲಿ ಎರಡು ಟ್ಯೂನಾ ಡಬ್ಬಿ ಹಿಡಿದು ಬಂದರು.

"ನೀಲಾಂಬಿಕಾ, ಇದೇನು? ಬಾಡಿಗಿಗೆ ಯಾರನ್ನರೆ ಇಟ್ಟೀಯೇನು?"

ನಾನು, ಅವು ನನ್ನವು ಎನ್ನಲು ಬಾಯಿ ತೆರೆದೆ. ನೀಲಕ್ಕ ಕೈ ಅಡ್ಡ ಹಿಡಿದರು.

"ಇಲ್ಲ ಭಾವಾರ. ನಾನ ತಂದೇನಿ. ಅವರಿಗೆ ಉಣಸಾಕ."

"ತಮ್ಮಗ? ಮೀನ?"

"ಅವರಿಗೆ ಅದು ಸೇರತೈತಿ. ಇನ್ನೇನೂ ಗಂಟಲದಾಗ ಇಳಿಯಲಿಲ್ಲ."

ದೇವೇಂದ್ರಪ್ಪನವರು ಡಬ್ಬಿಗಳನ್ನು ಮುಂದೆ ಚಾಚಿದರು. "ಜಂಗಮರ ಮನ್ಯಾಗ, ಶ್ರಾವಣದಾಗ... ಲಿಂಗ ಹಿಡಿಯೂ ಕೈಲೇನ ಇದನ್ನ ಮುಟ್ಟತೀಯೇನು?"

ನೀಲಕ್ಕ ಗಂಡನ ಗಲ್ಲ ಒರೆಸುತ್ತಿದ್ದರು. ಬಟ್ಟೆ ಮಡಚಿಟ್ಟು, ದನಿ ಏರಿಸದೆ ಹೇಳಿದರು.

"ಹೌದ್ರಿ. ಆ ಕೈಲೇನ ದಿನಾ ಮೂರು ಸಲ ಅವರ ಹೇಲು ತೊಳೀತೀನಿ. ಮೂರು ವರ್ಷಾತು. ಅದು ಯಾವ ಕೈಲೆ ಅಂತ ನೀವು ಒಮ್ಮಿನೂ ಕೇಳಲಿಲ್ಲ."

ದೇವೇಂದ್ರಪ್ಪನವರು ಡಬ್ಬಿಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ತಮ್ಮನ ಕಾಲು ಮುಟ್ಟಿ ನೋಡಿ, ಕೋಟು ಹಾಕಿಕೊಂಡರು. ಊಟ ಮಾಡದೆ ಹೊರಟರು. ಕಾರು ಹೋದ ಸದ್ದು ಕೇಳಿಸಿದ ಮೇಲೆ ಪಂಚಾಕ್ಷರಿಯವರು "ಶಿವಾ, ಶಿವಾ" ಎಂದರು. ಎಡಗೈಯಿಂದ ಹೆಂಡತಿಯ ಸೆರಗು ಹಿಡಿದುಕೊಂಡಿದ್ದರು, ತುಂಬ ಹೊತ್ತು ಬಿಡಲಿಲ್ಲ. "ಬಿಡ್ರಿ, ಒಲಿ ಮ್ಯಾಲೆ ಹಾಲೈತಿ" ಎಂದು ನೀಲಕ್ಕನೇ ಬಿಡಿಸಿಕೊಂಡು ಹೋದರು.

ಆ ಮೇಲೆ ದೇವೇಂದ್ರಪ್ಪನವರು ಬರಲಿಲ್ಲ. ದೀಪಾವಳಿಗೂ ಯುಗಾದಿಗೂ ಫೋನ್ ಮಾಡಿ ತಮ್ಮನ ಆರೋಗ್ಯ ವಿಚಾರಿಸುತ್ತಿದ್ದರು.

ಒಮ್ಮೆ ನೀಲಕ್ಕ ಗಂಡನನ್ನು ಕೇಳಿದ್ದರಂತೆ, ಉಣಿಸುತ್ತ. "ನನಗ ಒಮ್ಮಿ ಹೇಳಬೇಕಂತ ಅನಿಸಲಿಲ್ಲೇನ್ರಿ?" ಅವರು "ಇಲ್ಲ" ಎಂದರಂತೆ. "ಅವರ ಹತ್ತಿರ ಇದ್ದದ್ದು ಅದೊಂದ ಮಾತು. ಹೇಳಬೇಕಂತ ಅನಿಸಲಿಲ್ಲ ಅಂತೋ, ಹೇಳಾಕ ಆಗಲಿಲ್ಲ ಅಂತೋ, ಯಾರಿಗೆ ಗೊತ್ತು" ಎಂದು ನನಗೆ ಹೇಳಿದರು.

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಪಂಚಾಕ್ಷರಿಯವರಿಗೆ ಎರಡನೇ ಸಲ ಲಕ್ವ ಹೊಡೆಯಿತು. ಆಮೇಲೆ ಹಿಸುಕಿದ್ದೂ ಇಳಿಯಲಿಲ್ಲ. ಕೊನೆಯ ಶುಕ್ರವಾರಗಳಲ್ಲಿ ನೀಲಕ್ಕ ಕಾಳು ಬೇಯಿಸಿ ಕಲಸಿ, ಚಮಚವನ್ನು ತುಟಿಗೆ ತಾಗಿಸಿ ತೆಗೆಯುತ್ತಿದ್ದರು. ಅಷ್ಟರಲ್ಲೇ ಅವರ ಮುಖ ಸಡಿಲವಾಗುತ್ತಿತ್ತು. ಉಳಿದದ್ದನ್ನು ಹಿತ್ತಲಲ್ಲಿ ನೆರೆಮನೆಯ ಬೆಕ್ಕು ತಿನ್ನುತ್ತಿತ್ತು. ಅಕ್ಟೋಬರ್ ಎರಡನೇ ವಾರ, ಬೆಳಗಿನ ಹೊತ್ತು, ಕೌನ್ಸಿಲ್‌ನ ಹೆಂಗಸು ಮೈ ಒರೆಸುತ್ತಿರುವಾಗಲೇ ಪಂಚಾಕ್ಷರಿಯವರು ಹೋದರು.

ಊರಲ್ಲಾಗಿದ್ದರೆ ಕೂರಿಸಿ ಸಮಾಧಿ ಮಾಡುತ್ತಿದ್ದರು. ಇಲ್ಲಿ ಪೆಟ್ಟಿಗೆಯಲ್ಲಿ ಮಲಗಿಸಿಯೇ ಮಣ್ಣು ಮಾಡಬೇಕಾಯಿತು. ಕೈಯಲ್ಲಿ ಲಿಂಗ ಇಟ್ಟು, ಬಿಲ್ವಪತ್ರೆ ಸಿಗದೆ ಬರೀ ವಿಭೂತಿಯಲ್ಲಿ ಮುಗಿಸಿದರು. ದೇವೇಂದ್ರಪ್ಪನವರು ಬಂದಿದ್ದರು. ಮಣ್ಣು ಹಾಕಿ ಹಿಂದಿರುಗುವಾಗ ನೀಲಕ್ಕನ ಮುಂದೆ ನಿಂತು ಏನೋ ಹೇಳಲು ಹೋಗಿ, ಆಗದೆ, ಸೌಮ್ಯಾಳ ತಲೆ ಸವರಿ ಕಾರು ಹತ್ತಿದರು. ನೀಲಕ್ಕ ಅದನ್ನು ನೋಡಿದರೋ ಇಲ್ಲವೋ. ಅವರ ಕಣ್ಣು ತೆರೆದಿದ್ದವು, ಅಷ್ಟೆ.

ಬಂದವರೆಲ್ಲ ಹೋದ ಮಾರನೆಯ ದಿನ ಮಧ್ಯಾಹ್ನ ಊಟ ತಗೊಂಡು ಹೋದೆ. ಆ ಹೊತ್ತಿಗೆ ಅವರು ನನ್ನ ಪಾತ್ರೆಯ ಊಟವನ್ನೂ ತಿನ್ನುತ್ತಿದ್ದರು, ಯಾವಾಗಿನಿಂದ ಎಂದು ಇಬ್ಬರಿಗೂ ನೆನಪಿಲ್ಲ. ಸೌಮ್ಯಾ ಬಾಗಿಲು ತೆರೆದು ತುಟಿಯ ಮೇಲೆ ಬೆರಳಿಟ್ಟಳು. "ಶೀ ಈಸ್ ಸ್ಟಿಲ್ ಅಸ್ಲೀಪ್, ಆಂಟಿ. ನಿನ್ನೆ ಆರು ಗಂಟೆಗೆ ಮಲಗಿದ್ದು." ಎರಡನೆಯ ವಾಕ್ಯವನ್ನು ಅವಳು ಕನ್ನಡದಲ್ಲಿ ಹೇಳಿದ್ದು ನನಗೆ ಆಮೇಲೆ ಹೊಳೆಯಿತು.

ನೀಲಕ್ಕನ ಪರವಾಗಿ ಅನ್ಸೆಲ್ಮೊಗೆ ನಾನೇ ಕಾಗದ ಬರೆದೆ. ಏನು ಬರೆಯಲಿ ಎಂದದ್ದಕ್ಕೆ, "ಹೋದ್ರು ಅಂತ ಬರಿ. ಎರಡು ವರ್ಷ ನಾನ ಮಾಡಿ ಉಣಿಸಿದೆ ಅಂತನೂ ಬರಿ, ಅವಗ ಸಮಾಧಾನ ಆಗ್ಲಿ" ಎಂದಿದ್ದರು. ಅವನ ಉತ್ತರ ಕ್ರಿಸ್ಮಸ್ಸಿಗೆ ಬಂತು. ತನ್ನೂರಿನ ಚರ್ಚಿನಲ್ಲಿ ಪಂಚ್ ಹೆಸರಲ್ಲಿ ಮೇಣದಬತ್ತಿ ಹಚ್ಚಿಸಿದೆ ಎಂದು ಬರೆದಿದ್ದ.

ಎರಡು ಸಾವಿರದ ಐದರಲ್ಲಿ ನನ್ನ ಗಂಡ ಮೋಹನನ ಕೆಲಸ ಲೆಮಿಂಗ್ಟನ್ ಸ್ಪಾಗೆ ಬದಲಾಗಿ ನಾವು ಡರ್ಬಿ ಬಿಟ್ಟೆವು. ಹೊರಡುವ ಮುನ್ನಾದಿನ ಹೇಳಿಹೋಗಲು ಹೋದೆ. ಆಸ್ಪತ್ರೆಯ ಮಂಚ ಯಾವಾಗಲೋ ಹೋಗಿತ್ತು, ಸೋಫಾ ಮತ್ತೆ ಬಂದಿತ್ತು. ನೀಲಕ್ಕ ತೆಳ್ಳಗಾಗಿದ್ದರು. ಸೌಮ್ಯಾ ಲೀಡ್ಸ್‌ಗೆ ಬಾ ಎಂದು ಕರೆಯುತ್ತಿದ್ದಾಳೆ, ಹೋಗಬೇಕೋ ಬೇಡವೋ ತಿಳಿಯದು ಎಂದರು.

"ದೇವೇಂದ್ರಪ್ಪನವರು ಫೋನ್ ಮಾಡ್ತಾರಾ?"

"ಮಾಡ್ತಾರವಾ. ಉಂಡಿಯೇನು ಅಂತ ಕೇಳ್ತಾರ. ಉಂಡೀನಿ ಅಂತೀನಿ. ಅಷ್ಟ."

"ಆರೋಗ್ಯ ಹೇಗಿದೆ ನೀಲಕ್ಕ?"

"ಎಲ್ಲಾ ಟೆಸ್ಟ್ ಮಾಡ್ಯಾರ, ಏನೂ ಇಲ್ಲಂತ. ದಣಿವು ಒಂದು ಹೋಗವಲ್ದು. ಎರಡು ವರ್ಷ ಆಗಾಕ ಬಂತು, ಮಲಗಾಕತ್ತೀನಿ, ಏಳಾಕತ್ತೀನಿ, ಎದ್ರ ಮತ್ತ ಅಷ್ಟ." ಎದ್ದು ಚಹಾಕ್ಕೆ ಹಾಲಿಟ್ಟು ಬಂದು ಕೂತರು. ನನ್ನ ಮಗಳ ಹೊಸ ಶಾಲೆಯ ಬಗ್ಗೆ ಕೇಳಿದರು. ನಾನು ಹೇಳುತ್ತಿದ್ದೆ. ಬಸ್ಸಿದೆಯೇ, ನಡೆದು ಹೋಗುವಷ್ಟು ಹತ್ತಿರವೇ ಎಂದು ಕೇಳಿದವರು ನನ್ನ ಉತ್ತರ ಮುಗಿಯುವ ಮೊದಲೇ ಸೋಫಾದ ಕೈಗೆ ಒರಗಿ ನಿದ್ದೆ ಹೋದರು.

ಅಡುಗೆಮನೆಗೆ ಹೋಗಿ ಉಕ್ಕುತ್ತಿದ್ದ ಹಾಲನ್ನು ಇಳಿಸಿ ಗ್ಯಾಸ್ ಆರಿಸಿದೆ. ಹೊಸ ಮನೆಯ ಫೋನ್ ನಂಬರನ್ನು ಫ್ರಿಜ್ಜಿನ ಮೇಲೆ ಅಂಟಿಸಿದೆ. ಕಂಬಳಿಯೊಂದನ್ನು ತಂದು ಕಾಲಿಗೆ ಹೊದಿಸಿದಾಗಲೂ ಅವರಿಗೆ ಎಚ್ಚರವಾಗಲಿಲ್ಲ. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಬಂದೆ.